ಜಯಕ್ಕ ಮುಟ್ಟದ ದೀಪ

ಕಳೆದ ತಿಂಗಳು ಒಂದು ಭಾನುವಾರ ಸಂಜೆ ಕಗ್ಗದಾಸಪುರದ ಜಯಕ್ಕನ ಮನೆಯಲ್ಲಿ ಕಾಫಿ ಕುಡಿಯುತ್ತ ಕೂತಿದ್ದೆ. ಜಯಕ್ಕ ಆಗಷ್ಟೇ ದೇವರ ಗೂಡಿನಲ್ಲಿ ದೀಪ ಹಚ್ಚಿ ಬಂದು ಎದುರಿಗೆ ಕೂತಿದ್ದರು. ಮಳೆ ಬರುವ ಮುಂಚಿನ ಗಾಳಿ ಕಿಟಕಿಯಿಂದ ನುಗ್ಗಿತು. ದೀಪ ಒಮ್ಮೆ ಬಾಗಿ ಆರಿಹೋಯಿತು. ಸುಟ್ಟ ಬತ್ತಿಯ ಹೊಗೆ ಮೂಗಿಗೆ ಬಡಿದದ್ದೇ ತಡ, ಲೋಟ ವಾಲಿ ಕಾಫಿ ಚೂಡಿದಾರದ ಮೇಲೆ ಚೆಲ್ಲಿತು.

"ಅಯ್ಯೋ, ಏನಾಯ್ತೇ ವಸಂತಾ?" ಎಂದರು ಜಯಕ್ಕ.

"ಏನಿಲ್ಲ ಅಕ್ಕ, ಬಿಸಿ ಇತ್ತು" ಎಂದೆ. ಕಾಫಿ ಆರಿ ಆಗಲೇ ಎಷ್ಟೋ ಹೊತ್ತಾಗಿತ್ತು. ಆ ಮನೆಯಲ್ಲಿ ಎರಡು ವರ್ಷದಿಂದ ನಾನು ಇಂಥ ಸಣ್ಣಪುಟ್ಟ ಸುಳ್ಳುಗಳನ್ನು ಹೇಳಿಕೊಂಡೇ ಬಂದಿದ್ದೆ, ಒಂದು ದೊಡ್ಡದನ್ನು ಮುಚ್ಚಿಡಲು.

ನಾನು ಹುಟ್ಟಿ ಬೆಳೆದದ್ದು ಅದೇ ಬೀದಿಯಲ್ಲಿ, ಜಯಕ್ಕನ ಮನೆಯಿಂದ ನಾಲ್ಕನೆಯದು ನಮ್ಮ ಮನೆ. ಅವರ ಗಂಡ ಮುನಿಯಪ್ಪಣ್ಣ ಆಗ ಮನೆ ಹಿಂದಿನ ಹೊಲದಲ್ಲಿ ಸೊಪ್ಪು ಬೆಳೆದು ರಸೆಲ್ ಮಾರುಕಟ್ಟೆಗೆ ಹಾಕುತ್ತಿದ್ದರು. ವಾಪಸು ಬರುವಾಗ ಬೀದಿಯ ಮಕ್ಕಳಿಗೆಲ್ಲ ಒಂದೊಂದು ಸೀಬೆಹಣ್ಣು ತರುತ್ತಿದ್ದರು. ಈಗ ಆ ಹೊಲದಲ್ಲಿ ಅವರದೇ ಬಾಡಿಗೆ ಮನೆಗಳು ನಿಂತಿವೆ. ನಾನು ಮದುವೆಯಾಗಿ ಕೆ.ಆರ್.ಪುರಕ್ಕೆ ಹೋದೆ. ಆದರೂ ಆ ಬೀದಿಗೆ ಕಾಲಿಟ್ಟರೆ ಇವತ್ತಿಗೂ ನಾನು ಊರ ಮಗಳೇ. ನನ್ನ ಕೆಲಸಕ್ಕೆ ಬಂಡವಾಳವೂ ಅದೇ ಆಗಿತ್ತು.

ಎರಡು ವರ್ಷದ ಹಿಂದೆ ಇಂದಿರಾನಗರದ ಒಂದು ಸಣ್ಣ ಕಂಪನಿಯಲ್ಲಿ ನನಗೆ ಕೆಲಸ. ಹೊರದೇಶದಲ್ಲಿ ತಯಾರಾದ ಮೊಬೈಲ್ ಆಪ್‌ಗಳನ್ನು ಇಲ್ಲಿನ ಜನಕ್ಕೆ ಒಗ್ಗುವ ಹಾಗೆ ತಿದ್ದುವ ಕಂಪನಿ ಅದು. ತಿದ್ದುವುದು ಎಂದರೆ ಬರೀ ಭಾಷೆ ಬದಲಿಸುವುದಲ್ಲ, ಬಳಸುವ ಜನರನ್ನೇ ಪಕ್ಕದಲ್ಲಿ ಕೂರಿಸಿಕೊಂಡು ಅವರು ಹೇಳಿದ ಹಾಗೆ ಮಾಡುವುದು. ಆ ಜನರನ್ನು ಹುಡುಕುವುದು, ಮಾತಾಡಿಸುವುದು, ಅವರು ಹೇಳಿದ್ದನ್ನು ಬರೆದುಕೊಳ್ಳುವುದು ನನ್ನ ಪಾಲಿನ ಕೆಲಸ. ಆ ಮಳೆಗಾಲ ನಮ್ಮ ಕೈಗೆ ಬಂದದ್ದು ಮನೆಯ ವಯಸ್ಸಾದವರಿಗೆ ಹೊತ್ತುಹೊತ್ತಿಗೆ ಮಾತ್ರೆ ಕೊಡಲು ನೆನಪಿಸುವ ಆಪ್. ಅದರಲ್ಲಿ ಬರೀ ಅಕ್ಷರ, ಟಿಕ್ ಗುರುತು, ಪಟ್ಟಿ. ಓದು ಬಾರದ ಹೆಂಗಸರಿಗೆ ಅದರ ತಲೆಬುಡ ತಿಳಿಯುತ್ತಿರಲಿಲ್ಲ.

ನಮ್ಮ ತಂಡದ ಮುಖ್ಯಸ್ಥ ನಿಖಿಲ್ ಒಂದು ದಿನ ನನ್ನ ಮೇಜಿನ ಹತ್ತಿರ ಬಂದ. "ವಸಂತಾ, ನೋಡಿದ ತಕ್ಷಣ ಅರ್ಥ ಆಗೋ ಒಂದು ಸಿಂಬಲ್ ಬೇಕು. ನೀವೇ ಲೋಕಲ್, ನೀವೇ ಹೇಳಿ" ಎಂದ.

ಆ ಮಾತಿಗೆ ನಾನು ಉಬ್ಬಿಹೋದೆ. ಸಂಜೆಯಾದರೆ ದೀಪದ ಮುಂದೆ ಕೂರುತ್ತಿದ್ದ ನಮ್ಮಜ್ಜಿ ನೆನಪಾದರು. "ದೀಪ" ಎಂದೆ. "ಮಾತ್ರೆ ಹೊತ್ತಾದಾಗ ಫೋನಲ್ಲಿ ದೀಪ ಹತ್ಕೊಳ್ಳಲಿ."

"ಸೂಪರ್. ಮಾತ್ರೆ ಕೊಟ್ಟ ಮೇಲೆ?"

"ಮುಟ್ಟಿ ಆರಿಸೋದು. ಕೆಲ್ಸ ಬಾಕಿ ಇರೋವರೆಗೂ ಉರೀತಿದ್ರೆ ಕಣ್ಣಿಗೆ ಬೀಳತ್ತೆ."

ಕೇಳಿದ್ದಕ್ಕೆ ಉತ್ತರ ಕೊಡಲು ನಾನು ಒಂದು ಗುಟುಕು ನೀರು ಕುಡಿಯುವಷ್ಟು ಹೊತ್ತೂ ತೆಗೆದುಕೊಳ್ಳಲಿಲ್ಲ. ನಮ್ಮಜ್ಜಿ ಹಚ್ಚಿದ ದೀಪವನ್ನು ಎಂದೂ ಊದಿದವರಲ್ಲ, ಬೆರಳಿಂದ ಚಿವುಟಿದವರಲ್ಲ. ಎಣ್ಣೆ ತೀರಿ ತಾನಾಗಿಯೇ ಶಾಂತವಾಗಲು ಬಿಡುತ್ತಿದ್ದರು, ತೀರಾ ಅವಸರವಿದ್ದರೆ ಒಂದು ಹೂವಿನಿಂದ ಬತ್ತಿಯನ್ನು ಎಣ್ಣೆಯೊಳಗೆ ಸರಿಸುತ್ತಿದ್ದರು. ಇದು ನನಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಆದರೆ ಆಫೀಸಿನ ಎ.ಸಿ. ಕೋಣೆಯಲ್ಲಿ ಕೂತಾಗ ದೀಪ ಒಂದು ಚಿತ್ರವಷ್ಟೇ ಆಗಿತ್ತು.

ಹತ್ತು ಮನೆಗಳನ್ನು ಹಿಡಿದೆ. ಪುಲಿಕೇಶಿನಗರದಲ್ಲಿ ನಾಲ್ಕು, ಹಲಸೂರಿನಲ್ಲಿ ಮೂರು, ಕಗ್ಗದಾಸಪುರದಲ್ಲಿ ಮೂರು. ಅದರಲ್ಲಿ ಜಯಕ್ಕನ ಮನೆಯೂ ಒಂದು. ಮುನಿಯಪ್ಪಣ್ಣನಿಗೆ ಸಕ್ಕರೆ ಕಾಯಿಲೆ, ಜೊತೆಗೆ ಇತ್ತೀಚೆಗೆ ಮರೆವು. ಹೆಂಗಸರನ್ನೆಲ್ಲ ಒಂದು ದಿನ ಆಫೀಸಿಗೆ ಕರೆಸಿ, ಬಿಸ್ಕತ್ತು ಟೀ ಕೊಟ್ಟು, ಫೋನುಗಳನ್ನು ಕೈಗಿಟ್ಟೆವು. ಎಲ್ಲರೂ ದೀಪ ಮುಟ್ಟಿದರು, ಆರಿಸಿದರು, "ಚೆನ್ನಾಗಿದೆ ಮೇಡಂ" ಎಂದರು. ಕರೆದವರ ಮನೆಯಲ್ಲಿ ಟೀ ಕುಡಿದು ಅವರ ವಸ್ತುವನ್ನು ಚೆನ್ನಾಗಿಲ್ಲ ಎನ್ನುವಷ್ಟು ಒರಟರು ನಮ್ಮ ಹೆಂಗಸರಲ್ಲ. ಅಲ್ಲಿ ಫೋನು ಆಫೀಸಿನದು, ದೀಪದ ಹಿಂದೆ ಯಾವ ರೋಗಿಯೂ ಇರಲಿಲ್ಲ.

ಜಯಕ್ಕ ಮಾತ್ರ ಬೆರಳೆತ್ತಿ ಹಿಡಿದು ನನ್ನ ಕಡೆ ನೋಡಿ ನಕ್ಕರು. "ಬೆರಳಲ್ಲೇನೇ? ಒಂದು ಹೂವೂ ಇಟ್ಟಿಲ್ವಲ್ಲೇ ಇದ್ರಲ್ಲಿ!" ಎಲ್ಲರೂ ನಕ್ಕರು. ನಾನೂ ನಕ್ಕೆ. ಪುಸ್ತಕದಲ್ಲಿ ಬರೆದುಕೊಂಡೆ: 'ಹೂವಿನ ಅಲಂಕಾರ ಇದ್ದರೆ ಚೆಂದ ಎನ್ನುತ್ತಾರೆ.'

ಆ ಪುಸ್ತಕ ಇನ್ನೂ ನನ್ನ ಹತ್ತಿರ ಇದೆ. ಆ ಪುಟ ಬಂದರೆ ಇವತ್ತಿಗೂ ಓದದೆ ಮಗುಚುತ್ತೇನೆ.

ಫೋನು ಮನೆಗೆ ತಲುಪಿಸಲು ಹೋದ ದಿನ ಜಯಕ್ಕನ ಅಡುಗೆಮನೆ ಕಟ್ಟೆಯ ಮೇಲೆ ಮೂರು ಪುಟ್ಟ ಸ್ಟೀಲ್ ಬಟ್ಟಲು ಕಂಡವು. ಬೆಳಿಗ್ಗೆ ಎದ್ದ ಕೂಡಲೇ ಮೂರು ಹೊತ್ತಿನ ಮಾತ್ರೆಯನ್ನೂ ಅವುಗಳಿಗೆ ಹಾಕಿಡುವುದು, ಒಂದೊಂದು ಹೊತ್ತಿನದು ಕೊಟ್ಟ ಮೇಲೆ ಆ ಬಟ್ಟಲನ್ನು ಬೋರಲು ಹಾಕುವುದು ಅವರ ಪದ್ಧತಿ. ಮನೆಯವರು ಯಾರು ಬಂದು ನೋಡಿದರೂ ಕೊಟ್ಟಾಯಿತೋ ಇಲ್ಲವೋ ತಿಳಿಯುತ್ತಿತ್ತು.

"ಇದನ್ನ ಒಂದು ತಿಂಗಳು ಎತ್ತಿಡಿ ಅಕ್ಕ. ಎರಡೂ ಇಟ್ಕೊಂಡ್ರೆ ಫೋನ್ ಕೆಲ್ಸ ಮಾಡತ್ತೋ ಇಲ್ವೋ ನಮಗೆ ಗೊತ್ತಾಗಲ್ಲ" ಎಂದೆ.

"ನೀನು ಹೇಳಿದ್ಮೇಲೆ ಮುಗೀತು" ಎಂದು ಅವರು ಬಟ್ಟಲುಗಳನ್ನು ತೊಳೆದು, ಒರೆಸಿ, ಅಟ್ಟಕ್ಕೆ ಹಾಕಿದರು.

ಶ್ರಾವಣ ಬಂತು. ಆ ವರ್ಷ ಮಳೆ ಬಿಡದೆ ಹಿಡಿದಿತ್ತು. ಹಲಸೂರಿನ ಬೀದಿಗಳಲ್ಲಿ ಚರಂಡಿಯ ನೀರು ಮೇಲೆ ಹರಿಯುತ್ತಿತ್ತು. ನನ್ನ ಚಪ್ಪಲಿ ಒಂದು ದಿನವೂ ಒಣಗಲಿಲ್ಲ. ಆಫೀಸಿನ ದೊಡ್ಡ ಪರದೆಯ ಮೇಲೆ ಹತ್ತು ಮನೆಗೆ ಹತ್ತು ದೀಪ ಕಾಣುವ ಹಾಗೆ ಮಾಡಿದ್ದೆವು. ಎರಡನೆಯ ವಾರದಿಂದ ನನಗೆ ಅದನ್ನು ನೋಡಲು ಭಯವಾಗತೊಡಗಿತು. ಪುಲಿಕೇಶಿನಗರದ ನಾಲ್ಕು ಮನೆಗಳ ದೀಪ ಹೊತ್ತಿಗೆ ಸರಿಯಾಗಿ ಆರುತ್ತಿದ್ದವು. ಹಲಸೂರಿನವು, ನಮ್ಮೂರಿನವು ಹಗಲಿಡೀ ಉರಿಯುತ್ತಲೇ ಇದ್ದವು. ಜಯಕ್ಕನ ಮನೆಯದು ಹನ್ನೊಂದು ದಿನದಿಂದ ಒಮ್ಮೆಯೂ ಆರಿರಲಿಲ್ಲ.

"ನಿಮ್ಮೂರಿನವರು ಮಾತ್ರೆನೇ ಕೊಡ್ತಿಲ್ಲ ಅನ್ಸತ್ತೆ" ಎಂದ ನಿಖಿಲ್. "ರಿಂಗ್ ಜಾಸ್ತಿ ಮಾಡೋಣ. ಅರ್ಧ ಗಂಟೆಗೊಂದು ಸಲ ಹೊಡೀಲಿ."

ನನಗೆ ಅವಮಾನವೂ ಆಯಿತು, ಹೆದರಿಕೆಯೂ ಆಯಿತು. ಹನ್ನೊಂದು ದಿನ ಸಕ್ಕರೆ ಮಾತ್ರೆ ಇಲ್ಲದೆ ಮುನಿಯಪ್ಪಣ್ಣ ಹೇಗಿದ್ದಾರೋ? ಆ ಗುರುವಾರ ಸಂಜೆ ಜಯಕ್ಕನಿಗೆ ಫೋನು ಮಾಡಬಹುದಿತ್ತು. ಮಾಡಲಿಲ್ಲ. ಹಿರಿಯರನ್ನು 'ಗಂಡನಿಗೆ ಮಾತ್ರೆ ಕೊಡುತ್ತಿಲ್ಲವಾ' ಎಂದು ಕೇಳಲು ಬಾಯಿ ಬರಲಿಲ್ಲ. ಅವರ ಸೊಸೆ ಶೀಲಾಗೆ ಮಾಡಿದೆ. ಶೀಲಾ ಇಂದಿರಾನಗರದ ಒಂದು ಹೊಲಿಗೆ ಅಂಗಡಿಗೆ ಕೆಲಸಕ್ಕೆ ಹೋಗುತ್ತಿದ್ದ, ಮಾತು ಕಡಿಮೆಯ ಹುಡುಗಿ.

"ಶೀಲಾ, ನಿಮ್ಮತ್ತೆ ಮರೀತಿದ್ದಾರೆ ಅನ್ಸತ್ತೆ. ಅವರಿಗೆ ಹೇಳ್ಬೇಡ, ಬೇಜಾರ್ ಮಾಡ್ಕೋತಾರೆ. ಬೆಳಿಗ್ಗೆ ನೀನು ಹೊರಡೋ ಮುಂಚೆ ಫೋನ್ ನೋಡು. ದೀಪ ಉರೀತಿದ್ರೆ ಕೊಟ್ಟಿಲ್ಲ ಅಂತ ಅರ್ಥ. ನೀನೇ ಕೊಟ್ಬಿಡು."

"ಸರಿ ಅಕ್ಕ" ಎಂದಳು ಅವಳು.

ಆಮೇಲೆ ಹಲಸೂರಿನ ಎರಡು ಮನೆಗೂ ಇದೇ ಮಾತು ಹೇಳಿದೆ, ಉಳಿದವರಿಗೆ ನಾಳೆ ಹೇಳೋಣ ಎಂದುಕೊಂಡೆ. ಒಳ್ಳೆಯ ಕೆಲಸ ಮಾಡಿದೆನೆಂದು ಅವತ್ತು ಚೆನ್ನಾಗಿ ನಿದ್ದೆ ಬಂತು.

ಮರುದಿನ ಶ್ರಾವಣ ಶುಕ್ರವಾರ. ಬೆಳಿಗ್ಗೆ ಹನ್ನೊಂದಕ್ಕೆ ಜಯಕ್ಕನ ಫೋನು ಬಂತು. ಮಾತಿಗೆ ಮುಂಚೆ ಏದುಸಿರು ಕೇಳಿಸಿತು. "ವಸಂತಾ, ಇವರು ಹೆಂಗೆಂಗೋ ಆಡ್ತಿದಾರೆ ಕಣೇ. ಮೈಯೆಲ್ಲ ನೀರು. ನನ್ನನ್ನೇ ಯಾರು ನೀನು ಅಂತಾರೆ." ಅಕ್ಕಪಕ್ಕದವರು ಆಟೋ ತರಿಸುತ್ತಿದ್ದಾರೆ, ಶೀಲಾಳನ್ನೂ ಕರೆಸಿದ್ದೇವೆ ಎಂದರು. ನಾನು ಚೀಲ ಕೂಡ ತೆಗೆದುಕೊಳ್ಳದೆ ಮೆಟ್ಟಿಲಿಳಿದೆ.

ಮಳೆ ಧೋ ಎಂದು ಸುರಿಯುತ್ತಿತ್ತು. ನನ್ನ ಆಟೋ ಕಗ್ಗದಾಸಪುರದ ರೈಲ್ವೆ ಗೇಟಿನ ಹತ್ತಿರ ಬರುವುದಕ್ಕೂ ಗೇಟು ಬೀಳುವುದಕ್ಕೂ ಸರಿಹೋಯಿತು. ಆಚೆ ಬದಿಯಲ್ಲಿ, ಸಾಲಿನ ಮುಂದುಗಡೆಯೇ, ಇನ್ನೊಂದು ಆಟೋ ನಿಂತಿತ್ತು. ಅದರೊಳಗೆ ಜಯಕ್ಕನ ಹಸಿರು ಸೀರೆ ಗುರುತು ಸಿಕ್ಕಿತು. ಮುನಿಯಪ್ಪಣ್ಣನ ತಲೆ ಶೀಲಾಳ ಭುಜದ ಮೇಲೆ ವಾಲಿತ್ತು. ನಡುವೆ ಎರಡು ಕಂಬಿ, ಮಳೆ, ಬಾರದ ರೈಲು. ನಾನು ಗೇಟಿಗೆ ಕೈಯಾನಿಸಿಕೊಂಡು ನಿಂತೆ. ನನಗೆ ಗೊತ್ತಿದ್ದ ದೇವರನ್ನೆಲ್ಲ ಕರೆದೆ. ರೈಲು ಬರಲೇ ಇಲ್ಲ, ಬರಲೇ ಇಲ್ಲ. ಕೊನೆಗೆ ಬಂದಾಗ ಅದು ಗೂಡ್ಸ್ ಗಾಡಿ, ಮುಗಿಯುವ ಲಕ್ಷಣವೇ ಕಾಣಲಿಲ್ಲ. ಬೋಗಿಗಳ ಸಂದಿನಲ್ಲಿ ಆ ತಲೆ ಒಮ್ಮೆ ಕಾಣುತ್ತಿತ್ತು, ಒಮ್ಮೆ ಮರೆಯಾಗುತ್ತಿತ್ತು. ಪ್ರತಿ ಸಲ ಕಂಡಾಗಲೂ ಇನ್ನಷ್ಟು ವಾಲಿದ ಹಾಗಿತ್ತು.

ಗೇಟು ಏಳುತ್ತಲೇ ಓಡಿಹೋಗಿ ಅವರ ಆಟೋದಲ್ಲಿ ಡ್ರೈವರ್ ಪಕ್ಕ ತೂರಿಕೊಂಡೆ. ಮುನಿಯಪ್ಪಣ್ಣನ ಕೈ ಮುಟ್ಟಿದರೆ ಒದ್ದೆ ಬಟ್ಟೆಯಷ್ಟು ತಣ್ಣಗಿತ್ತು. ಕಣ್ಣು ಅರ್ಧ ತೆರೆದಿತ್ತು, ನೋಟ ಇರಲಿಲ್ಲ.

"ಬೆಳಿಗ್ಗೆ ಏನ್ ಕೊಟ್ರಿ ಅಕ್ಕ?" ಎಂದೆ.

"ಏಳೂವರೆಗೆ ಒಂದು ಇಡ್ಲಿ ತಿನ್ಸಿ ಮಾತ್ರೆ ಕೊಟ್ಟು ದೇವಸ್ಥಾನಕ್ಕೆ ಹೋದೆ. ದಿನಾ ಕೊಟ್ಟಂಗೇ ಕೊಟ್ಟಿದೀನಿ" ಎಂದರು ಜಯಕ್ಕ.

ಶೀಲಾಳ ಮುಖ ಬಿಳಿಚಿಹೋಯಿತು. "ಅತ್ತೆ, ದೀಪ ಉರೀತಿತ್ತು" ಎಂದಳು. "ಒಂಬತ್ತು ಗಂಟೆಗೆ ನಾನೂ ಕೊಟ್ಟೆ."

ಹಾಗೆಂದವಳು ಅತ್ತೆಯನ್ನು ನೋಡಲಿಲ್ಲ, ನನ್ನನ್ನು ನೋಡಿದಳು. ಆ ನೋಟವನ್ನು ನಾನು ತಡೆದುಕೊಳ್ಳಲಾರದೆ ರಸ್ತೆಯ ಕಡೆ ತಿರುಗಿದೆ.

ಆಸ್ಪತ್ರೆಯಲ್ಲಿ ಬೆರಳು ಚುಚ್ಚಿ ನೋಡಿದ ಡಾಕ್ಟರು, ಸಕ್ಕರೆ ಪಾತಾಳಕ್ಕೆ ಇಳಿದಿದೆ ಎಂದು ಕೂಡಲೇ ಗ್ಲೂಕೋಸ್ ಏರಿಸಿದರು. "ಈ ಮಾತ್ರೆ ಡಬಲ್ ಆದ್ರೆ ಸುಮ್ನೆ ಬಿಡಲ್ಲಮ್ಮ. ಈಗ ಎದ್ರೂ ಮತ್ತೆ ಇಳೀಬಹುದು. ನಾಳೆವರೆಗೂ ಏನೂ ಹೇಳಕ್ಕಾಗಲ್ಲ" ಎಂದರು. ಎರಡು ಸಲ ಹೇಗೆ ಕೊಟ್ಟಿರಿ ಎಂದು ಗದರಿದರು.

ಜಯಕ್ಕ ಗೋಡೆಗೆ ಒರಗಿ ನಿಂತು ಹೇಳಿದರು: "ಅವರ ಹೆಸರಲ್ಲಿ ಉರಿಯೋ ದೀಪ, ಸಾರ್. ಅವರ ಆಯಸ್ಸಿಗೆ ಅಂತ ಹತ್ಕೊಳ್ಳೋದು. ಅದನ್ನ ನಾನು ಕೈಯಾರೆ ಆರಿಸ್ಲಾ? ದೇವರ ಗೂಡಲ್ಲೇ ಇಟ್ಟಿದ್ದೆ ಆ ಫೋನ್ನ." ಆಮೇಲೆ ಸೊಸೆಯ ಕಡೆ ತಿರುಗಿದರು. "ನೀನು ಯಾಕೆ ಕೊಟ್ಟೆ? ನನ್ನನ್ನ ಒಂದು ಮಾತು ಕೇಳೋಕೆ ನಿನಗೇನಾಗಿತ್ತು? ನಿನಗ್ಯಾರು ಹೇಳಿದ್ರು ಕೊಡೋಕೆ?"

ಶೀಲಾ ಬಾಯಿ ಬಿಡಲಿಲ್ಲ. ನಾನೂ ಬಿಡಲಿಲ್ಲ.

ತಪ್ಪೊಪ್ಪಿಕೊಳ್ಳುವ ಧೈರ್ಯ ಇರಲಿಲ್ಲ, ಜೊತೆಗೆ ಇನ್ನೊಂದು ಭಯ ಆಗಲೇ ಕುತ್ತಿಗೆ ಹಿಡಿದಿತ್ತು. ಹಲಸೂರಿನ ಆ ಎರಡು ಮನೆ! ವರಾಂಡಕ್ಕೆ ಓಡಿ ಫೋನು ಮಾಡಿದೆ. ಒಬ್ಬರು ಎತ್ತಿದರು, ಮನೆಯಲ್ಲಿ ಎಲ್ಲರೂ ಸರಿಯಾಗಿದ್ದರು, ಫೋನು ಆಫ್ ಮಾಡಿಡಿ ಎಂದೆ. ಇನ್ನೊಬ್ಬರು ಎತ್ತಲಿಲ್ಲ. ಮತ್ತೆ ಮಾಡಿದೆ, ಮತ್ತೆ ಮತ್ತೆ ಮಾಡಿದೆ. ಆ ಮನೆಯಲ್ಲಿದ್ದದ್ದು ಒಬ್ಬ ಅಜ್ಜಿ, ಅವರಿಗೂ ಸಕ್ಕರೆ ಮಾತ್ರೆ. ರಿಂಗಾಗುತ್ತ ಆಗುತ್ತ ನನ್ನ ಕಣ್ಣ ಮುಂದೆ ಆ ಅಜ್ಜಿ ಚಾಪೆಯ ಮೇಲೆ ಬಿದ್ದಿರುವುದೇ ಕಾಣತೊಡಗಿತು. ಮುಕ್ಕಾಲು ಗಂಟೆಯ ಮೇಲೆ ಆ ಮನೆಯ ಮಗಳೇ ವಾಪಸು ಮಾಡಿದಳು. "ಏನಮ್ಮ ಇಷ್ಟೊಂದು ಮಿಸ್ ಕಾಲು? ಬಟ್ಟೆ ಒಗೀತಿದ್ದೆ. ಅಮ್ಮನಾ? ಇಲ್ಲೇ ಕೂತು ಸೊಪ್ಪು ಬಿಡಿಸ್ತಿದಾರೆ." ನಾನು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ. ಅಷ್ಟು ಸೋತ ಅಳು ನನ್ನ ಜನ್ಮದಲ್ಲೇ ಬಂದಿರಲಿಲ್ಲ.

ಶೀಲಾ ಬಂದು ಪಕ್ಕದಲ್ಲಿ ನಿಂತಳು. "ನಾನ್ ಹೇಳಿದ್ರೆ ತಪ್ಪಿಸ್ಕೊಳ್ಳೋಕೆ ಹೇಳ್ತಿದಾಳೆ ಅಂತಾರೆ. ನೀವೇ ಹೇಳಿ ಅಕ್ಕ" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ.

"ಹೇಳ್ತೀನಿ. ಮುನಿಯಪ್ಪಣ್ಣ ಮನೆಗೆ ಬರ್ಲಿ, ಹೇಳ್ತೀನಿ" ಎಂದೆ.

ಆ ದಿನ ಅವರು ಒಮ್ಮೆ ಕಣ್ಣು ತೆರೆದರು, ಜಯಕ್ಕನ ಹೆಸರು ಹಿಡಿದು ಕರೆದರು, ನಾವೆಲ್ಲ ನಿರಾಳವಾದೆವು. ಸಂಜೆ ನಾಲ್ಕಕ್ಕೆ ಮತ್ತೆ ಬೆವೆತು ಮಂಕಾದರು. ನರ್ಸು ಓಡಿಬಂದು ಮತ್ತೆ ಗ್ಲೂಕೋಸ್ ಹಾಕಿದಳು. ಗಂಟೆಗೊಮ್ಮೆ ಬೆರಳು ಚುಚ್ಚುವುದು, ಮೆಷಿನ್ನಿನಲ್ಲಿ ಅಂಕಿ ಬರುವವರೆಗೆ ಮೂವರು ಹೆಂಗಸರು ಉಸಿರು ಹಿಡಿದು ನಿಲ್ಲುವುದು. ಮೂರನೆಯ ದಿನ ಮನೆಗೆ ಕಳಿಸಿದರು. ಉಳಿದರು, ದೇವರು ದೊಡ್ಡವನು.

ಅವರು ಮನೆಗೆ ಬಂದರು. ನಾನು ಹೇಳಲಿಲ್ಲ. ಗೌರಿಹಬ್ಬ ಮುಗಿಯಲಿ ಎಂದುಕೊಂಡೆ. ಆಮೇಲೆ ದಸರಾ ಬಂತು. ಸುಳ್ಳು ಹೇಳಿದವಳಿಗೆ ಹಬ್ಬಗಳು ಬಹಳ ಒದಗಿಬರುತ್ತವೆ.

ಆಫೀಸಿನಲ್ಲಿ ಮಾತ್ರ ನಾನು ತುಂಬ ಮಾತಾಡಿದೆ. ಒಬ್ಬರಿಗೆ ಎರಡು ಸಲ ಮಾತ್ರೆ ಬಿದ್ದು ಆಸ್ಪತ್ರೆಗೆ ಹೋದರು, ದೀಪ ತೆಗೆಯಿರಿ ಎಂದೆ. ನಮ್ಮವರು ದೀಪ ಯಾಕೆ ಆರಿಸುವುದಿಲ್ಲ, ದೇವರ ಮುಂದೆ ದೀಪ ಹಚ್ಚುವ ರೂಢಿಯಿಲ್ಲದ ಪುಲಿಕೇಶಿನಗರದ ಆ ಮನೆಗಳಲ್ಲಿ ಯಾಕೆ ಆರುತ್ತಿತ್ತು ಎಂದು ವಿವರಿಸಿದೆ. ಜಯಕ್ಕನ ಬಟ್ಟಲಿನ ಪದ್ಧತಿ ಹೇಳಿದೆ. ಫೋನಿನಲ್ಲಿ ಮೂರು ಬಟ್ಟಲು ಬಂದವು, ಕೊಟ್ಟ ಮೇಲೆ ಮುಟ್ಟಿದರೆ ಬೋರಲಾಗುವಂಥವು. ಹೊರದೇಶದ ಕಚೇರಿಯವರು ಪರದೆಯ ಮೇಲೆ ಕಾಣಿಸಿಕೊಂಡು ಚಪ್ಪಾಳೆ ತಟ್ಟಿದರು. ಇದನ್ನು ಹೇಗೆ ಕಂಡುಹಿಡಿದಿರಿ ಎಂದು ಕೇಳಿದರು. "ಮನೆಮನೆಗೆ ಹೋಗಿ ಕೇಳಿದೆ" ಎಂದೆ. ಶೀಲಾಗೆ ಮಾಡಿದ ಫೋನಿನ ವಿಷಯ ಯಾರಿಗೂ ಹೇಳಲಿಲ್ಲ. ಆ ಚಪ್ಪಾಳೆಯ ನಡುವೆ ನನಗೆ ಗೂಡ್ಸ್ ಗಾಡಿಯ ಸದ್ದು ಕೇಳುತ್ತಿತ್ತು. ಆರು ತಿಂಗಳಿಗೆ ಆ ಕೆಲಸ ಬಿಟ್ಟೆ.

ಆದರೆ ಕಗ್ಗದಾಸಪುರ ಬಿಡಲಾಗಲಿಲ್ಲ. ಹೋದಾಗಲೆಲ್ಲ ಕಟ್ಟೆಯ ಮೇಲೆ ಆ ಮೂರು ಸ್ಟೀಲ್ ಬಟ್ಟಲು ಕಾಣುತ್ತಿದ್ದವು. ಜಯಕ್ಕ ಅವನ್ನು ಅಟ್ಟದಿಂದ ಇಳಿಸಿದ್ದರು, ಜೊತೆಗೆ ಒಂದು ಹೊಸ ನಿಯಮವನ್ನೂ ಮಾಡಿದ್ದರು. ಶೀಲಾ ಅವುಗಳನ್ನು ಮುಟ್ಟುವಂತಿಲ್ಲ. ತಾವು ಊರಿಗೆ ಹೋಗಬೇಕಾದರೆ ಪಕ್ಕದ ಮನೆಯವರಿಗೆ ಮಾತ್ರೆ ಒಪ್ಪಿಸಿ ಹೋಗುತ್ತಿದ್ದರು. ಮನೆಯೊಳಗೇ ಸೊಸೆ ಇದ್ದಾಗ! ಬೀದಿಗೆಲ್ಲ ಅದು ತಿಳಿದಿತ್ತು. ಶೀಲಾ ಪ್ರತಿ ಸಲವೂ ನನಗೆ ಕಾಫಿ ತಂದುಕೊಡುತ್ತಿದ್ದಳು, ಒಂದು ಕ್ಷಣ ಮುಖ ನೋಡುತ್ತಿದ್ದಳು, ಒಳಗೆ ಹೋಗುತ್ತಿದ್ದಳು. ಈಚೆಗೆ ಅವಳು ನೋಡುವುದನ್ನೂ ಬಿಟ್ಟಿದ್ದಳು. ಅದೇ ನನ್ನನ್ನು ಹೆಚ್ಚು ಹೆದರಿಸಿದ್ದು.

ಆ ಭಾನುವಾರ ಬತ್ತಿಯ ಹೊಗೆ ಮೂಗಿಗೆ ಬಡಿದಾಗ ಇದೆಲ್ಲ ಒಟ್ಟಿಗೆ ನೆನಪಿಗೆ ಬಂತು. ಜಯಕ್ಕ ಎದ್ದು ಹೋಗಿ ದೀಪವನ್ನು ಮತ್ತೆ ಹಚ್ಚಿ ಬಂದು ಕೂತರು. ಶೀಲಾ ನೆಲ ಒರೆಸಲು ಬಟ್ಟೆ ತಂದಳು. ಮೂಲೆಯ ಕುರ್ಚಿಯಲ್ಲಿ ಮುನಿಯಪ್ಪಣ್ಣ ಟಿ.ವಿ. ನೋಡುತ್ತ ಕೂತಿದ್ದರು.

"ಅಕ್ಕ" ಎಂದೆ. "ಅವತ್ತು ದೀಪ ಉರೀತಿದ್ರೆ ಮಾತ್ರೆ ಕೊಡು ಅಂತ ಶೀಲಾಗೆ ಹೇಳಿದ್ದು ನಾನು. ಹಿಂದಿನ ಸಂಜೆ ಫೋನ್ ಮಾಡಿ ಹೇಳಿದ್ದೆ. ನಿಮ್ಗೆ ಹೇಳ್ಬೇಡ ಅಂತಾನೂ ನಾನೇ ಹೇಳಿದ್ದು. ಅವಳ ತಪ್ಪಿಲ್ಲ."

ಶೀಲಾಳ ಕೈ ನೆಲದ ಮೇಲೆಯೇ ನಿಂತಿತು. ಬೈದರೆ ಬದುಕಿದೆ ಎಂದು ನಾನು ಕಾದೆ.

"ಎರಡು ವರ್ಷ" ಎಂದರು ಜಯಕ್ಕ. "ಎರಡು ವರ್ಷ ಈ ಹುಡುಗಿ ಕೈಗೆ ಒಂದು ಮಾತ್ರೆ ಕೊಡ್ಲಿಲ್ಲ ಕಣೇ ನಾನು." ಆಮೇಲೆ ನನ್ನ ಕಡೆ ತಿರುಗಿದರು: "ದೀಪ ಯಾಕೆ ಆರಿಸಿಲ್ಲ ಅಂತ ನನ್ನನ್ನೇ ಒಂದು ಮಾತು ಕೇಳ್ಬಾರ್ದಿತ್ತಾ?"

"ಕೇಳ್ಬೇಕಿತ್ತು ಅಕ್ಕ."

"ಆ ನಿಮ್ ಸಾಹೇಬ ಬಂದಿದ್ರೆ ನಾನೇ ಹೇಳ್ತಿದ್ದೆ. ಹೊರಗಿನೋನು, ಗೊತ್ತಿರಲ್ಲ ಅಂತ. ನೀನು ಈ ಬೀದೀಲಿ ಹುಟ್ಟಿದೋಳು. ನಿಂಗೂ ಹೇಳ್ಕೊಡ್ಬೇಕು ಅಂತ ನನಗೆ ಹೊಳೀಲೇ ಇಲ್ಲ."

ಹೊರಗೆ ಮಳೆ ಶುರುವಾಯಿತು. ಜಯಕ್ಕ ಕಣ್ಣೊರೆಸಿಕೊಂಡು ಗೋಡೆಯ ಗಡಿಯಾರ ನೋಡಿದರು.

"ಶೀಲಾ" ಎಂದರು. "ಮಾವನಿಗೆ ಸಂಜೆ ಮಾತ್ರೆ ನೀನೇ ಕೊಡಮ್ಮ."

ಶೀಲಾ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಅಡುಗೆಮನೆಗೆ ಹೋದಳು. ಎರಡು ಬಟ್ಟಲು ಬೋರಲಾಗಿದ್ದವು. ಮೂರನೆಯದನ್ನು ಎರಡೂ ಕೈಯಲ್ಲಿ ಹಿಡಿದು ತಂದಳು. ಮುನಿಯಪ್ಪಣ್ಣ ಮಾತ್ರೆ ಬಾಯಿಗೆ ಹಾಕಿಕೊಂಡು ನೀರು ಕುಡಿದರು. ಅವಳು ವಾಪಸು ಹೋಗಿ ಬಟ್ಟಲನ್ನು ಬೋರಲು ಹಾಕಿದಳು. ಮತ್ತೆ ಅದರ ಅಂಚೆತ್ತಿ ಒಳಗೆ ಏನೂ ಉಳಿದಿಲ್ಲವೆಂದು ನೋಡಿ, ಮೆಲ್ಲಗೆ ಮುಚ್ಚಿದಳು. ಅಷ್ಟು ಹೊತ್ತೂ ಜಯಕ್ಕ, ನಾನು, ಇಬ್ಬರೂ ಅವಳ ಕೈಯನ್ನೇ ನೋಡುತ್ತಿದ್ದೆವು.